ಶತಪುಷ್ಪಾ ಶಬ್ದನಿರ್ಣಯವೂ ಸಬ್ಬಸಿಗೆಯ ಔಷಧೋಪಯೋಗದ ಇತಿಹಾಸವೂ

೧

ಆಡುಕುರಿಗಳನ್ನೂ ಹಸುಗಳನ್ನೂ ಮೇಯಿಸುವವರು, ಅಡವಿಯಲ್ಲಿ ವಾಸಿಸುವವರು ಮೂಲಿಕೆಗಳ ಹೆಸರನ್ನೂ ರೂಪವನ್ನೂ ಬಲ್ಲರು. ಆದರೆ ನಾಮರೂಪಗಳನ್ನು ಅರಿತ ಮಾತ್ರದಿಂದ ಔಷಧಿಯನ್ನು ಅರಿತಂತಾಗುವುದಿಲ್ಲ, ಅದರ ಯೋಗವನ್ನು ತಿಳಿದವನೇ ನಿಜವಾದ ವೈದ್ಯನು ಎಂಬುದು ಚರಕಸಂಹಿತೆಯ ಸೂತ್ರಸ್ಥಾನದ ಮೊದಲನೆಯ ಅಧ್ಯಾಯದ ಅಭಿಪ್ರಾಯ. ಅದೇ ಸಂದರ್ಭದಲ್ಲಿ, ಅರಿಯದೆ ಕೊಟ್ಟ ಔಷಧವು ವಿಷದಂತೆಯೂ ಶಸ್ತ್ರದಂತೆಯೂ ಕೊಲ್ಲುವುದೆಂದೂ, ಅರಿತು ಕೊಟ್ಟದ್ದು ಅಮೃತಕ್ಕೆ ಸಮಾನವೆಂದೂ ಸಂಹಿತಾಕಾರನು ಹೇಳುತ್ತಾನೆ. ಸಂಹಿತೆಯ ಕಾಲದಲ್ಲಿ ನಾಮರೂಪಗಳ ಪರಿಚಯವು ಗೊಲ್ಲರಿಗೂ ಇದ್ದ ಸಾಮಾನ್ಯವಿದ್ಯೆ, ದುರ್ಲಭವಾದದ್ದು ಯೋಗಜ್ಞಾನವೊಂದೇ. ಗ್ರಂಥಗಳು ದೇಶದಿಂದ ದೇಶಕ್ಕೆ, ಭಾಷೆಯಿಂದ ಭಾಷೆಗೆ ಸಾಗಿದಂತೆಲ್ಲ ಈ ಸ್ಥಿತಿಯು ತಲೆಕೆಳಗಾಯಿತು. ಯೋಗಗಳು ಓಲೆಗರಿಗಳಲ್ಲಿ ಅಕ್ಷರ ತಪ್ಪದೆ ಉಳಿದುವು. ಆ ಯೋಗದಲ್ಲಿ ಹೇಳಿದ ದ್ರವ್ಯವು ಯಾವುದೆಂಬುದೇ ಸಂದೇಹಕ್ಕೆ ಎಡೆಯಾಯಿತು.

ಇಂತಹ ಸಂದಿಗ್ಧ ದ್ರವ್ಯಗಳಲ್ಲಿ ಶತಪುಷ್ಪೆಯೂ ಒಂದು. ಕನ್ನಡನಾಡಿನಲ್ಲಿ ಸಬ್ಬಸಿಗೆಸೊಪ್ಪನ್ನು ಅರಿಯದ ಮನೆಯಿಲ್ಲ. ಅಕ್ಕಿರೊಟ್ಟಿಯಲ್ಲಿ, ವಡೆಯಲ್ಲಿ, ಅವರೆಕಾಳಿನ ಹುಳಿಯಲ್ಲಿ, ಬಸ್ಸಾರಿನಲ್ಲಿ ಅದು ಸೇರುತ್ತದೆ. ಬಾಣಂತಿಗೆ ಕೊಡುವ ಸೊಪ್ಪುಗಳಲ್ಲಿ ಅದಕ್ಕೆ ಮನ್ನಣೆಯ ಸ್ಥಾನವುಂಟು. ಆದರೆ ಸಂಸ್ಕೃತ ವೈದ್ಯಗ್ರಂಥವೊಂದರಲ್ಲಿ ಶತಪುಷ್ಪಾ ಎಂಬ ಶಬ್ದ ಬಂದಾಗ ಒಬ್ಬ ಅನುವಾದಕನು ಸಬ್ಬಸಿಗೆಯೆಂದೂ ಮತ್ತೊಬ್ಬನು ಸೋಂಪೆಂದೂ ಬರೆಯುವುದನ್ನು ಕಾಣುತ್ತೇವೆ. ಇದು ಕೇವಲ ಶಬ್ದಜಿಜ್ಞಾಸುಗಳ ವಿನೋದವಲ್ಲ. ಈ ದ್ರವ್ಯವು ವಿಶೇಷವಾಗಿ ಸಲ್ಲುವುದು ಹಸುಗೂಸುಗಳಿಗೆ, ಬಾಣಂತಿಯರಿಗೆ, ಋತುದೋಷವುಳ್ಳ ಸ್ತ್ರೀಯರಿಗೆ; ಎಂದರೆ ತಪ್ಪನ್ನು ತಾಳಿಕೊಳ್ಳುವ ಶಕ್ತಿ ಕಡಮೆಯಿರುವವರಿಗೆ. ಆದಕಾರಣ ಶತಪುಷ್ಪೆಯ ನಾಮಚರಿತ್ರೆಯನ್ನೂ, ಅದನ್ನು ಮದ್ದಾಗಿ ಬಳಸಿದ ಚರಿತ್ರೆಯನ್ನೂ ಜೊತೆಗಿಟ್ಟು ಪರಿಶೀಲಿಸುವುದು ಉಚಿತ. ಹೆಸರಿನ ನಿರ್ಣಯವಿಲ್ಲದೆ ಈ ಮೂಲಿಕೆಯ ಗುಣವನ್ನಾಗಲಿ ಅಪಾಯವನ್ನಾಗಲಿ ಹೇಳಲು ಬಾರದೆಂಬುದು ಆ ಪರಿಶೀಲನೆಯಿಂದ ಸ್ಪಷ್ಟವಾಗುವುದು.

೨

ಮೊದಲು ಕೋಶಗಳ ಸಾಕ್ಷ್ಯವನ್ನು ನೋಡಬಹುದು. ಅಮರಸಿಂಹನು ವನೌಷಧಿವರ್ಗದಲ್ಲಿ ಎರಡು ಗಿಡಗಳನ್ನು ಬೇರೆಬೇರೆ ಎಡೆಗಳಲ್ಲಿ ಹೇಳಿದ್ದಾನೆ. ಒಂದಕ್ಕೆ ಮಿಶ್ರೇಯಾ, ಶಾಲೇಯ, ಶೀತಶಿವ, ಛತ್ರಾ, ಮಧುರಿಕಾ ಮುಂತಾದ ಹೆಸರುಗಳು. ಇನ್ನೊಂದಕ್ಕೆ ಶತಪುಷ್ಪಾ, ಸಿತಚ್ಛತ್ರಾ, ಅತಿಚ್ಛತ್ರಾ, ಮಧುರಾ, ಅವಾಕ್ಪುಷ್ಪೀ, ಕಾರವೀ ಮುಂತಾದುವು. ಎರಡನ್ನು ಬೇರೆಯಾಗಿ ಹೇಳಿದ್ದರಿಂದ ಅವು ಭಿನ್ನದ್ರವ್ಯಗಳೆಂಬುದು ಕೋಶಕಾರನಿಗೆ ತಿಳಿದಿತ್ತೆನ್ನಬೇಕು. ಆದರೆ ಮಿಸಿ ಎಂಬ ಹೆಸರು ಎರಡು ಪಟ್ಟಿಗಳಲ್ಲಿಯೂ ಇದೆ. ಮಧುರಾ, ಮಧುರಿಕಾ ಎಂಬ ಹೆಸರುಗಳು ಒಂದೇ ಧಾತುವಿನ ನೆರಳಿನಲ್ಲಿವೆ. ಛತ್ರಾ ಎಂಬುದು ಒಂದರಲ್ಲಿ ಕೇವಲವಾಗಿಯೂ ಇನ್ನೊಂದರಲ್ಲಿ ಉಪಪದಸಹಿತವಾಗಿಯೂ ಬಂದಿದೆ. ಸಾಲದುದಕ್ಕೆ ಕಾರವೀ ಎಂಬ ಶಬ್ದವನ್ನು ಅಮರನೇ ವೈಶ್ಯವರ್ಗದಲ್ಲಿ ಕರಿಜೀರಿಗೆಗೂ ಹೇಳಿದ್ದಾನೆ. ಹೀಗೆ ಒಂದೇ ಕೋಶದೊಳಗೆ ಸಂಕರಕ್ಕೆ ಬೀಜವಿತ್ತು. ಹದಿನಾರನೆಯ ಶತಮಾನದ ಭಾವಮಿಶ್ರನ ಭಾವಪ್ರಕಾಶದಲ್ಲಿ ಈ ಎರಡು ದ್ರವ್ಯಗಳನ್ನು ಒಂದರ ಹಿಂದೆ ಒಂದಾಗಿ ಹೇಳಿದೆ. ಅಲ್ಲಿಯೂ ಮಿಸಿ ಮತ್ತು ಮಧುರಾ ಎಂಬ ಎರಡು ಹೆಸರುಗಳು ಎರಡಕ್ಕೂ ಸಾಧಾರಣವಾಗಿವೆ.

ಈ ಪರ್ಯಾಯನಾಮಗಳ ಅವಯವಾರ್ಥದಿಂದ ದ್ರವ್ಯನಿರ್ಣಯವಾಗುವುದೇ ಎಂದು ವಿಚಾರಿಸಬೇಕು. ಶತಪುಷ್ಪಾ ಎಂದರೆ ನೂರು ಹೂಗಳುಳ್ಳದ್ದು. ಛತ್ರಾ ಎಂದರೆ ಕೊಡೆಯಂತೆ ಹೂಗೊಂಚಲುಳ್ಳದ್ದು. ಈ ಲಕ್ಷಣವು ಸಬ್ಬಸಿಗೆಗೆ ಒಪ್ಪುವಂತೆ ಸೋಂಪಿಗೂ, ಜೀರಿಗೆಗೂ, ಓಮಕ್ಕೂ, ಕೊತ್ತಂಬರಿಗೂ ಒಪ್ಪುತ್ತದೆ. ಆಧುನಿಕ ಸಸ್ಯಶಾಸ್ತ್ರವೂ ಇವೆಲ್ಲವನ್ನೂ ಕೊಡೆಹೂಗಳ ಒಂದೇ ಕುಟುಂಬಕ್ಕೆ ಸೇರಿಸಿದೆ. ಸಿತಚ್ಛತ್ರಾ ಎಂಬ ಹೆಸರಿನಲ್ಲಿ ಕೊಡೆಯು ಬಿಳಿದೆಂಬ ವಿಶೇಷವಿದೆ. ಆದರೆ ಸಬ್ಬಸಿಗೆಯ ಹೂವು ಹಳದಿ, ಬಡೇಸೋಂಪಿನ ಹೂವೂ ಹಳದಿ. ಜೀರಿಗೆ, ಓಮ, ಸಣ್ಣ ಸೋಂಪು ಇವುಗಳ ಹೂವಾದರೋ ಬಿಳಿದು. ಆದ್ದರಿಂದ ಈ ಹೆಸರನ್ನು ಅಕ್ಷರಶಃ ಹಿಡಿದರೆ ಎರಡು ಪಕ್ಷಗಳೂ ಕೆಡುತ್ತವೆ. ಶಾಲೇಯವೆಂಬುದು ಶಾಲಿಯೆಂಬ ಬತ್ತ ಬೆಳೆಯುವ ಕ್ಷೇತ್ರವೆಂಬರ್ಥದಲ್ಲಿ ಪಾಣಿನಿಯ ಐದನೆಯ ಅಧ್ಯಾಯದ ಸೂತ್ರದಿಂದ ಸಿದ್ಧವಾಗುವ ರೂಪ. ಅದು ಬೆಳೆಯುವ ನೆಲವನ್ನು ಸೂಚಿಸಬಹುದೇ ಹೊರತು ಜಾತಿಯನ್ನು ಹೇಳಲಾರದು.

ಉಳಿದ ಪ್ರಮಾಣವು ರಸ. ಭಾವಮಿಶ್ರನು ಶತಪುಷ್ಪೆಯನ್ನು ಕಟುವೆಂದೂ, ತೀಕ್ಷ್ಣವೆಂದೂ, ಉಷ್ಣವೆಂದೂ, ಪಿತ್ತವನ್ನು ಹೆಚ್ಚಿಸತಕ್ಕದ್ದೆಂದೂ ವರ್ಣಿಸಿದ್ದಾನೆ. ಸಬ್ಬಸಿಗೆಯ ಬೀಜವನ್ನು ಅಗಿದರೆ ಶಾಜೀರಿಗೆಯನ್ನು ಹೋಲುವ ಖಾರವಾದ ಘಾಟು ನಾಲಗೆಗೆ ತಿಳಿಯುತ್ತದೆ. ಸೋಂಪಿನ ಬೀಜದಲ್ಲಿ ಸಿಹಿಯೇ ಪ್ರಧಾನ. ಮಧುರಿಕೆಯೆಂಬ ಅಮರನ ಹೆಸರು ಸೋಂಪಿಗೆ ಸಹಜವಾಗಿ ಹೊಂದುವುದು. ಕಟುತೀಕ್ಷ್ಣವೆಂಬ ಗುಣವಚನವು ಸಬ್ಬಸಿಗೆಗೇ ಸಲ್ಲುವುದು. ಆದುದರಿಂದ ಶತಪುಷ್ಪೆಯು ಸಬ್ಬಸಿಗೆ, ಮಿಶ್ರೇಯೆಯು ಬಡೇಸೋಂಪು ಎಂಬ ಪಕ್ಷವೇ ಬಲವಾದದ್ದು. ಇಂದಿನ ಆಯುರ್ವೇದಜ್ಞರೂ ಸಾಮಾನ್ಯವಾಗಿ ಇದನ್ನೇ ಅಂಗೀಕರಿಸಿದ್ದಾರೆ. ಆದರೆ ಮಿಸಿ ಎಂದೋ ಮಧುರಾ ಎಂದೋ ಬಂದ ಕಡೆಗಳಲ್ಲಿ ಪ್ರಕರಣವನ್ನು ನೋಡದೆ ಅರ್ಥಮಾಡುವುದು ಸಾಹಸವಾದೀತು.

೩

ದೇಶಭಾಷೆಗಳನ್ನು ನೋಡಿದರೆ ಈ ಸಂಕರವು ಹೇಗೆ ಬೆಳೆಯಿತೆಂಬುದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ತಮಿಳಿನ ಶತಕುಪ್ಪೈ, ಮಲಯಾಳದ ಶತಕುಪ್ಪ ಎಂಬ ರೂಪಗಳಲ್ಲಿ ಶತಪುಷ್ಪೆಯ ಧ್ವನಿಯು ಇನ್ನೂ ಕೇಳಿಸುತ್ತದೆ. ಅವು ಸಬ್ಬಸಿಗೆಯ ಹೆಸರುಗಳು. ಹಿಂದಿಯ ಸೌಂಫ್ ಎಂಬ ಶಬ್ದವನ್ನೂ ನಿಘಂಟುಕಾರರು ಶತಪುಷ್ಪಾ ಶಬ್ದದಿಂದಲೇ ಸಾಧಿಸುತ್ತಾರೆ. ಆದರೆ ಅದು ಸಬ್ಬಸಿಗೆಯ ಹೆಸರಲ್ಲ, ಬಡೇಸೋಂಪಿನ ಹೆಸರು. ಒಂದೇ ತಾಯಿಶಬ್ದದ ಒಂದು ಸಂತತಿಯು ದಕ್ಷಿಣದಲ್ಲಿ ಒಂದು ಗಿಡವನ್ನೂ ಇನ್ನೊಂದು ಸಂತತಿಯು ಉತ್ತರದಲ್ಲಿ ಬೇರೊಂದು ಗಿಡವನ್ನೂ ಸೇರಿತು. ಹಿಂದಿಯಲ್ಲಿ ಸಬ್ಬಸಿಗೆಗೆ ಸೋಯಾ ಅಥವಾ ಸೋವಾ ಎಂದೂ ಗುಜರಾತಿಯಲ್ಲಿ ಸುವಾ ಎಂದೂ ಹೆಸರು. ಈಚೆಗೆ ಪೂರ್ವದೇಶಗಳಿಂದ ಬಂದ ಸೋಯಾ ಅವರೆಯ ಹೆಸರು ಇದರೊಡನೆ ಕೂಡಿ ಮತ್ತೊಂದು ಗೊಂದಲಕ್ಕೆ ಎಡೆಮಾಡಿದೆ.

ಮರಾಠಿಯ ವ್ಯವಹಾರವು ಈ ವಿಷಯದಲ್ಲಿ ಅತ್ಯಂತ ಬೋಧಪ್ರದವಾಗಿದೆ. ಅಲ್ಲಿ ಸಬ್ಬಸಿಗೆಯ ಸೊಪ್ಪು ಶೇಪು. ಅದರ ಬೀಜ ಬಾಳಂತಶೇಪ, ಎಂದರೆ ಬಾಣಂತಿಯ ಶೇಪ. ಸೋಂಪಿನ ಬೀಜ ಬಡೀಶೇಪ, ಎಂದರೆ ದೊಡ್ಡ ಶೇಪ. ಎರಡಕ್ಕೂ ಒಂದೇ ಮೂಲನಾಮವಿದ್ದರೂ ಉಪಪದವು ಅವನ್ನು ಬೇರ್ಪಡಿಸಿತು. ಅದರಲ್ಲಿಯೂ ಒಂದು ಉಪಪದವು ದ್ರವ್ಯದ ಉಪಯೋಗವನ್ನೇ ಹೆಸರಿನಲ್ಲಿ ಕಟ್ಟಿಟ್ಟಿತು. ಕನ್ನಡದಲ್ಲಿ ಸಬ್ಬಸಿಗೆ ಎಂಬ ಹೆಸರು ಅಸಂದಿಗ್ಧವಾಗಿದ್ದು ಸೊಪ್ಪಿಗೂ ಬೀಜಕ್ಕೂ ನಡೆಯುತ್ತದೆ. ಸೋಂಪು ಎಂಬ ಹೆಸರು ಮಾತ್ರ ಹಾಗಲ್ಲ. ಊರೂರಿನ ಗ್ರಂಧಿಗೆ ಅಂಗಡಿಗಳಲ್ಲಿ ಸಣ್ಣ ಸೋಂಪು, ದೊಡ್ಡ ಸೋಂಪು, ಬಡೇಸೋಪು ಎಂಬ ಹೆಸರುಗಳು ಒಂದರ ಸ್ಥಾನದಲ್ಲಿ ಇನ್ನೊಂದು ಬರುವುದುಂಟು. ಆದಕಾರಣ ಸಂಸ್ಕೃತದ ಶತಪುಷ್ಪೆಯನ್ನು ಕನ್ನಡಿಸುವಾಗ ಸೋಂಪೆಂದು ಬರೆಯುವ ಅನುವಾದಕನು, ಇದ್ದ ಒಂದು ಸಂದೇಹಕ್ಕೆ ಎರಡನ್ನು ಕೂಡಿಸಿದಂತಾಗುತ್ತದೆ.

೪

ಇನ್ನು ಯೋಗಗಳ ವಿಚಾರ. ಚರಕನು ಸೂತ್ರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಐವತ್ತು ಮಹಾಕಷಾಯಗಳನ್ನು, ಹತ್ತುಹತ್ತು ದ್ರವ್ಯಗಳ ಗಣಗಳಾಗಿ, ವಿಭಾಗಿಸಿದ್ದಾನೆ. ಅವುಗಳಲ್ಲಿ ಆಸ್ಥಾಪನೋಪಗ, ಅನುವಾಸನೋಪಗ ಎಂಬ ಎರಡು ಗಣಗಳಲ್ಲಿ ಶತಪುಷ್ಪೆಯು ಸೇರಿದೆ. ಮೊದಲನೆಯದು ಕಷಾಯಬಸ್ತಿಗೆ ಸಹಾಯಕವಾದ ದ್ರವ್ಯಗಳ ಗಣ, ಎರಡನೆಯದು ಸ್ನೇಹಬಸ್ತಿಗೆ ಸಹಾಯಕವಾದದ್ದು. ಎರಡರಲ್ಲಿಯೂ ಉದ್ದೇಶವು ಕೋಷ್ಠಗತವಾದ ವಾತವನ್ನು ಶಮನಗೊಳಿಸುವುದು. ಹೀಗೆ ಹೊಟ್ಟೆಯ ವಾಯುವನ್ನು ಅಡಗಿಸುವ ಗುಣವು ಈ ದ್ರವ್ಯಕ್ಕೆ ಅತಿ ಪ್ರಾಚೀನಕಾಲದಿಂದ ಸಲ್ಲುತ್ತ ಬಂದಿದೆ.

ಸ್ತ್ರೀರೋಗಗಳಲ್ಲಿ ಇದರ ಪ್ರಾಧಾನ್ಯಕ್ಕೆ ಮುಖ್ಯವಾದ ಆಕರವು ಕಾಶ್ಯಪಸಂಹಿತೆ. ಕೌಮಾರಭೃತ್ಯವನ್ನು, ಎಂದರೆ ಶಿಶುಗಳ ಮತ್ತು ತಾಯಂದಿರ ಚಿಕಿತ್ಸೆಯನ್ನು, ಪ್ರತಿಪಾದಿಸುವ ಈ ಗ್ರಂಥವು ಬಹುಕಾಲ ಹೆಸರುಮಾತ್ರವಾಗಿ ಉಳಿದಿದ್ದು, ನೇಪಾಳದಲ್ಲಿ ದೊರೆತ ಖಂಡಿತವಾದ ತಾಳೆಗರಿಯ ಪ್ರತಿಯ ಆಧಾರದಿಂದ ಪಂಡಿತ ಹೇಮರಾಜಶರ್ಮರ ವಿಸ್ತಾರವಾದ ಉಪೋದ್ಘಾತದೊಡನೆ ೧೯೩೮ರಲ್ಲಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಿಂದ ಬೆಳಕಿಗೆ ಬಂದಿತು. ಅದರ ಕಲ್ಪಸ್ಥಾನದಲ್ಲಿ ಶತಪುಷ್ಪಾಶತಾವರೀಕಲ್ಪವೆಂಬ ಒಂದು ಅಧ್ಯಾಯವೇ ಇದೆ. ಋತುವು ಕಾಣದ ಸ್ತ್ರೀಯರಿಗೆ, ಕಂಡರೂ ಫಲಿಸದವರಿಗೆ, ಕ್ಷೀಣರಾದವರಿಗೆ ಶತಪುಷ್ಪೆಯು ಹಿತವೆಂದು ಅಲ್ಲಿ ವಿಧಿಸಿದೆ; ಬಲವನ್ನೂ ಪುಷ್ಟಿಯನ್ನೂ ಜಠರಾಗ್ನಿಯನ್ನೂ ಹೆಚ್ಚಿಸುವುದರ ಜೊತೆಗೆ ಋತುಪ್ರವರ್ತನೀ ಎಂಬ ವಿಶೇಷಣವು ಅದಕ್ಕೆ ಬಂದಿದೆ. ಈ ಕಲ್ಪದಲ್ಲಿ ಶತಪುಷ್ಪೆಯನ್ನು ಮಧುರವೆಂದು ವರ್ಣಿಸಿರುವುದನ್ನು ಗಮನಿಸಬೇಕು. ಭಾವಮಿಶ್ರನು ಕಟುವೆಂದದ್ದನ್ನು ಕಾಶ್ಯಪನು ಮಧುರವೆನ್ನುವನು. ಎರಡು ಗ್ರಂಥಗಳಿಗೂ ವಿವಕ್ಷಿತವಾದ ದ್ರವ್ಯ ಒಂದೇ ಆಗಿತ್ತೇ ಎಂಬ ಶಂಕೆಯು ಇಲ್ಲಿ ಹುಟ್ಟುವುದು ಸಹಜ. ಈ ಶಂಕೆಯನ್ನು ಮುಚ್ಚಿಟ್ಟು ಕಾಶ್ಯಪನ ಫಲಶ್ರುತಿಯನ್ನೆಲ್ಲ ಸಬ್ಬಸಿಗೆಯ ಲೆಕ್ಕಕ್ಕೆ ಬರೆಯುವುದು ನ್ಯಾಯವಾಗದು.

ಭಾವಪ್ರಕಾಶದಲ್ಲಿ ಶತಪುಷ್ಪೆಗೆ ಜ್ವರ, ವಾತ, ಕಫ, ವ್ರಣ, ಶೂಲ, ನೇತ್ರರೋಗಗಳನ್ನು ಪರಿಹರಿಸುವ ಶಕ್ತಿಯನ್ನೂ, ಮಿಶ್ರೇಯೆಗೆ ಅದೇ ಗುಣಗಳೊಡನೆ ಯೋನಿಶೂಲವನ್ನು ನೀಗುವ ವಿಶೇಷವನ್ನೂ ಹೇಳಿದೆ. ಗುಣಗಳನ್ನು ಹೊಗಳುವ ಉಸಿರಿನಲ್ಲಿಯೇ ಪಿತ್ತಕಾರಿಯೆಂಬ ದೋಷವನ್ನೂ ಹೇಳಿರುವುದು ಶ್ಲಾಘ್ಯ. ಉಷ್ಣಪ್ರಕೃತಿಯವರಿಗೂ ಪಿತ್ತವಿಕಾರವುಳ್ಳವರಿಗೂ ಇದನ್ನು ಅಳತೆಯಿಲ್ಲದೆ ಕೊಡಬಾರದೆಂಬ ನಿಷೇಧವು ಆ ಒಂದು ಶಬ್ದದಿಂದಲೇ ಲಭಿಸುತ್ತದೆ.

೫

ಇದೇ ಗಿಡದ ಚರಿತ್ರೆಯು ಪಶ್ಚಿಮದೇಶಗಳಲ್ಲಿಯೂ ಅಷ್ಟೇ ಪ್ರಾಚೀನವಾದದ್ದು. ಅಲ್ಲಿಯೂ ಹೆಸರಿನ ಗೊಂದಲವು ತಪ್ಪಲಿಲ್ಲ. ಕ್ರಿ. ಪೂ. ಸುಮಾರು ೧೪೦೦ರ ಈಜಿಪ್ಟಿನ ಅರಸು ಎರಡನೆಯ ಅಮೆನ್ಹೋಟೆಪನ ಸಮಾಧಿಯಲ್ಲಿ ಸಬ್ಬಸಿಗೆಯ ಕಡ್ಡಿಗಳು ದೊರೆತಿವೆ. ಗ್ರೀಕರು ಇದನ್ನು ಅನೇಥೋನ್ ಎಂದು ಕರೆದರು. ಕ್ರಿ. ಶ. ಮೊದಲನೆಯ ಶತಮಾನದ ಡಯಾಸ್ಕೊರಿಡೀಸನು ತನ್ನ ದ್ರವ್ಯಗುಣಗ್ರಂಥದ ಮೂರನೆಯ ಭಾಗದಲ್ಲಿ, ಇದರ ಸೊಪ್ಪು ಬೀಜಗಳ ಕಷಾಯವು ತಾಯಿಯಲ್ಲಿ ಹಾಲಿಳಿಸುವುದೆಂದೂ, ಹೊಟ್ಟೆನುಲಿತವನ್ನೂ ಉಬ್ಬರವನ್ನೂ ಶಮನಮಾಡುವುದೆಂದೂ, ವಾಂತಿ ಬಿಕ್ಕಳಿಕೆಗಳನ್ನು ನಿಲ್ಲಿಸುವುದೆಂದೂ ಬರೆದಿದ್ದಾನೆ. ಆದರೆ ಎಡೆಬಿಡದೆ ಕುಡಿದರೆ ಕಣ್ಣಿನ ದೃಷ್ಟಿ ಮಂದವಾಗುವುದೆಂದೂ ಸಂತಾನಶಕ್ತಿಯು ಕುಂದುವುದೆಂದೂ ಎಚ್ಚರಿಸಿದ್ದಾನೆ. ಅವನ ಸಮಕಾಲೀನನಾದ ರೋಮಿನ ಪ್ಲಿನಿಯೂ ಇದೇ ಗುಣಗಳನ್ನು ಇದೇ ಎರಡು ದೋಷಗಳೊಡನೆ ಹೇಳಿದ್ದಾನೆ.

ಇಲ್ಲಿ ಪೂರ್ವಪಶ್ಚಿಮಗಳ ಸಾಮ್ಯವೈಷಮ್ಯಗಳೆರಡೂ ಪರಿಶೀಲಿಸತಕ್ಕವಾಗಿವೆ. ಹೊಟ್ಟೆಯ ವಾಯು, ಶೂಲ, ಬಾಣಂತಿಯ ಹಾಲು ಇವುಗಳ ವಿಷಯದಲ್ಲಿ ಗ್ರೀಕ್ ವೈದ್ಯನ ಮಾತೂ ನಮ್ಮ ಮನೆಗಳ ರೂಢಿಯೂ ಒಂದಾಗಿವೆ. ಕಣ್ಣು ಮತ್ತು ಸಂತಾನಗಳ ವಿಷಯದಲ್ಲಿಯಾದರೋ ನೇರವಾದ ವಿರೋಧವಿದೆ. ಭಾವಮಿಶ್ರನಲ್ಲಿ ನೇತ್ರರೋಗಕ್ಕೆ ಮದ್ದಾದದ್ದು ಡಯಾಸ್ಕೊರಿಡೀಸನಲ್ಲಿ ನೇತ್ರಕ್ಕೆ ಹಾನಿಕರ. ಕಾಶ್ಯಪನಲ್ಲಿ ಬಂಜೆಗೆ ಹಿತವಾದದ್ದು ಅಲ್ಲಿ ಬಂಜೆತನಕ್ಕೆ ಕಾರಣ. ಎರಡು ಮಾತುಗಳೂ ಏಕಕಾಲದಲ್ಲಿ ಪರೀಕ್ಷೆಯಿಲ್ಲದೆ ಪ್ರಮಾಣವಾಗಲಾರವು. ಪ್ರಾಚೀನವಾಕ್ಯಗಳಲ್ಲಿ ಎಲ್ಲಿ ಅನೇಕ ದೇಶಗಳ ಸಂವಾದವಿದೆಯೋ ಅಲ್ಲಿ ಅನುಭವದ ಮೂಲವನ್ನು ಊಹಿಸಬಹುದು. ಎಲ್ಲಿ ವಿಸಂವಾದವಿದೆಯೋ ಅಲ್ಲಿ ತೀರ್ಪನ್ನು ತಡೆಹಿಡಿಯುವುದೇ ಯುಕ್ತ.

ಯೆಹೂದ್ಯರ ಮಿಶ್ನಾ ಗ್ರಂಥದಲ್ಲಿ ದಶಮಾಂಶದ ತೆರಿಗೆಯನ್ನು ಕುರಿತ ಭಾಗದಲ್ಲಿ ಸಬ್ಬಸಿಗೆಯ ಪ್ರಸ್ತಾಪವಿದೆ. ಅದರ ಬೀಜ, ಸೊಪ್ಪು, ಕಾಯಿ ಇವುಗಳಲ್ಲಿ ಯಾವುದಕ್ಕೆ ದಶಮಾಂಶವು ಸಲ್ಲಬೇಕೆಂದು ಅಲ್ಲಿ ಚರ್ಚಿಸಿದೆ. ಇದರಿಂದ ಅದು ಆ ಕಾಲಕ್ಕೆ ಬೇಸಾಯದ ಬೆಳೆಯಾಗಿತ್ತೆಂದು ತಿಳಿಯುತ್ತದೆ. ಮತ್ತಾಯನ ಸುವಾರ್ತೆಯ ೨೩ನೆಯ ಅಧ್ಯಾಯದಲ್ಲಿಯೂ ಇದೇ ದಶಮಾಂಶದ ಪ್ರಸಂಗದಲ್ಲಿ ಗ್ರೀಕ್ ಮೂಲವು ಅನೇಥೋನ್ ಎಂದೇ ಹೇಳುತ್ತದೆ. ಆದರೆ ೧೬೧೧ರ ಪ್ರಸಿದ್ಧವಾದ ಇಂಗ್ಲಿಷು ಭಾಷಾಂತರದಲ್ಲಿ ಅನೇಥೋನ್ ಎಂಬುದು ಅನಿಸ್ ಆಯಿತು. ಎಂದರೆ ಸಬ್ಬಸಿಗೆಯು ಸಣ್ಣ ಸೋಂಪಾಯಿತು. ೧೮೮೧ರ ಪರಿಷ್ಕರಣದಲ್ಲಿ ಇದನ್ನು ಪುಟದ ಅಂಚಿನಲ್ಲಿ ಮಾತ್ರ ತಿದ್ದಿದರು. ಧರ್ಮಗ್ರಂಥದ ಭಾಷಾಂತರದಲ್ಲಿ ಅಕ್ಷರಕ್ಷರವನ್ನು ತೂಗಿದ ವಿದ್ವಾಂಸರಿಂದಲೂ ಒಂದು ಅಡುಗೆಸೊಪ್ಪಿನ ಹೆಸರು ಇನ್ನೂರೆಪ್ಪತ್ತು ವರ್ಷಕಾಲ ತಪ್ಪಾಗಿಯೇ ಉಳಿಯಿತು.

ಸಸ್ಯಶಾಸ್ತ್ರಜ್ಞರಿಗೂ ಈ ಎರಡು ಗಿಡಗಳನ್ನು ಬೇರ್ಪಡಿಸಲು ಕಾಲ ಹಿಡಿಯಿತು. ಸ್ವೀಡನ್ನಿನ ಲಿನೇಯಸನು ೧೭೫೩ರಲ್ಲಿ ಸಬ್ಬಸಿಗೆಯನ್ನು ಅನೇಥಮ್ ಗ್ರೇವಿಯೊಲೆನ್ಸ್ ಎಂದೂ ಬಡೇಸೋಂಪನ್ನು ಅನೇಥಮ್ ಫೀನಿಕ್ಯುಲಮ್ ಎಂದೂ ಹೆಸರಿಸಿ ಎರಡನ್ನೂ ಒಂದೇ ಗಣದಲ್ಲಿ ಸೇರಿಸಿದನು. ೧೭೬೮ರಲ್ಲಿ ಇಂಗ್ಲೆಂಡಿನ ಫಿಲಿಪ್ ಮಿಲ್ಲರನು ಸೋಂಪಿಗೆ ಫೀನಿಕ್ಯುಲಮ್ ವಲ್ಗೇರ್ ಎಂಬ ಹೆಸರನ್ನಿತ್ತನು. ಭಾರತದ ಸಬ್ಬಸಿಗೆಯನ್ನು ರಾಕ್ಸ್‌ಬರ್ಗನು ಯೂರೋಪಿನದಕ್ಕಿಂತ ಬೇರೆಯೆಂದು ಭಾವಿಸಿ, ದೇಶೀಯನಾಮವನ್ನೇ ಆಧರಿಸಿ ಅನೇಥಮ್ ಸೋವಾ ಎಂದು ಕರೆದನು. ಈ ಹೆಸರು ಫ್ಲೆಮಿಂಗನ ೧೮೧೦ರ ಭಾರತೀಯ ಔಷಧಿಗಳ ಪಟ್ಟಿಯಲ್ಲಿ ಪ್ರಕಟವಾಯಿತು. ಈಗ ಎರಡನ್ನೂ ಸಾಮಾನ್ಯವಾಗಿ ಒಂದೇ ಜಾತಿಯೆಂದು ಎಣಿಸುತ್ತಾರೆ. ಆದರೂ ರಾಕ್ಸ್‌ಬರ್ಗನ ವಿವೇಕವು ನಿರಾಧಾರವಾಗಿರಲಿಲ್ಲ. ಯೂರೋಪಿನ ಬೀಜದ ತೈಲದಲ್ಲಿ ಕಾರ್ವೋನ್ ಎಂಬ ದ್ರವ್ಯವು ಪ್ರಧಾನವಾಗಿದ್ದರೆ, ಭಾರತದ ಬೀಜದ ತೈಲದಲ್ಲಿ ಅದು ಕಡಮೆಯಾಗಿ ಡಿಲ್‌ಅಪಿಯೋಲ್ ಎಂಬ ಬೇರೊಂದು ದ್ರವ್ಯವು ಗಣನೀಯವಾಗಿ ಇರುತ್ತದೆ. ಜಾತಿ ಒಂದಾದರೂ ಮದ್ದಿನ ಸಾರವು ಒಂದಲ್ಲ.

೬

ಹೊಸಗಾಲದಲ್ಲಿ ಸಬ್ಬಸಿಗೆಯು ಮನೆಮನೆಯ ತೊಟ್ಟಿಲನ್ನು ಸೇರಿದ್ದು ಇಂಗ್ಲೆಂಡಿನ ಮಾರ್ಗವಾಗಿ. ಸಬ್ಬಸಿಗೆಬೀಜದ ಅರ್ಕವು ಬ್ರಿಟಿಷ್ ಔಷಧಸಂಹಿತೆಯಲ್ಲಿ ಅಕ್ವಾ ಅನೇಥಿ ಎಂಬ ಹೆಸರಿನಿಂದ ಸ್ಥಾನ ಪಡೆದಿತ್ತು. ೧೮೫೧ರಲ್ಲಿ ನಾಟಿಂಗ್‌ಹ್ಯಾಮ್ ಪಟ್ಟಣದ ವಿಲಿಯಂ ವುಡ್‌ವರ್ಡ್ ಎಂಬ ಔಷಧವ್ಯಾಪಾರಿಯು ಸಬ್ಬಸಿಗೆತೈಲ, ಸೋಡ, ಸಕ್ಕರೆ, ಮದ್ಯಸಾರ, ನೀರು ಇವುಗಳ ಯೋಗದಿಂದ ಶಿಶುಗಳ ಹೊಟ್ಟೆನೋವಿಗೆ ಗ್ರೈಪ್ ವಾಟರ್ ಎಂಬ ಮದ್ದನ್ನು ಸಿದ್ಧಪಡಿಸಿದನು. ಅದು ಬ್ರಿಟಿಷ್ ಸಾಮ್ರಾಜ್ಯದೊಡನೆ ದೇಶದೇಶಗಳಲ್ಲಿ ಹರಡಿತು, ಭಾರತದಲ್ಲಿಯೂ ಮನೆಮಾತಾಯಿತು. ಆ ಮದ್ದನ್ನು ಕುಡಿದ ಕೂಸು ಸುಮ್ಮನಾದದ್ದು ಸಬ್ಬಸಿಗೆಯಿಂದಲೋ, ಸೋಡದಿಂದಲೋ, ಸಕ್ಕರೆಯಿಂದಲೋ, ಮದ್ಯಸಾರದಿಂದಲೋ ಎಂಬ ಪ್ರಶ್ನೆಯನ್ನು ಬಹುಕಾಲ ಯಾರೂ ಕೇಳಲಿಲ್ಲ. ಕಡೆಗೆ ೧೯೯೦ರ ದಶಕದಲ್ಲಿ ಬ್ರಿಟನ್ನಿನಲ್ಲಿ ಮದ್ಯಸಾರವನ್ನು ಆ ಯೋಗದಿಂದ ತೆಗೆದರು. ನೂರೈವತ್ತು ವರ್ಷಗಳ ಸಮೀಪಕ್ಕೆ ಬಂದ ಖ್ಯಾತಿಯಲ್ಲಿ ಸಬ್ಬಸಿಗೆಯ ಪಾಲೆಷ್ಟೆಂದು ಈಗ ಬೇರ್ಪಡಿಸಿ ಹೇಳುವುದು ಅಶಕ್ಯ.

ರಷ್ಯಾದೇಶದ ನಿದರ್ಶನವು ಇದಕ್ಕಿಂತಲೂ ವಿಚಿತ್ರ. ಅಲ್ಲಿ ಶಿಶುಗಳ ಹೊಟ್ಟೆಯುಬ್ಬರಕ್ಕೆ ಕೊಡುವ ಪ್ರಸಿದ್ಧವಾದ ಮದ್ದಿನ ಹೆಸರು ಉಕ್ರೋಪ್‌ನಯ ವದಾ, ಎಂದರೆ ಸಬ್ಬಸಿಗೆಯ ನೀರು. ಅದನ್ನು ತಯಾರಿಸುವುದಾದರೋ ಸೋಂಪಿನ ತೈಲದಿಂದ. ಏಕೆಂದರೆ ಸೋಂಪಿಗೆ ಅಲ್ಲಿ ಔಷಧದಂಗಡಿಯ ಸಬ್ಬಸಿಗೆ ಎಂಬ ಹೆಸರುಂಟು. ೨೦೦೩ರಲ್ಲಿ ಆ ದೇಶದ ವೈದ್ಯರು ೧೨೫ ಶಿಶುಗಳಲ್ಲಿ ಸೋಂಪಿನ ತೈಲವನ್ನು ಪರೀಕ್ಷಿಸಿ ಫಲವನ್ನು ಪ್ರಕಟಿಸಿದರು. ಔಷಧವನ್ನು ಪಡೆದವುಗಳಲ್ಲಿ ನೂರಕ್ಕೆ ೬೫ರಷ್ಟು ಶಿಶುಗಳಿಗೂ, ಔಷಧವಿಲ್ಲದ ಹುಸಿಮದ್ದನ್ನು ಪಡೆದವುಗಳಲ್ಲಿ ನೂರಕ್ಕೆ ಸುಮಾರು ೨೪ರಷ್ಟು ಶಿಶುಗಳಿಗೂ ಶೂಲವು ಶಮನವಾಯಿತು. ಈ ಫಲಿತಾಂಶವು ಸೋಂಪಿಗೆ ಸಂಬಂಧಿಸಿದ್ದು. ಇದನ್ನು ಸಬ್ಬಸಿಗೆಯ ಗುಣಕ್ಕೆ ಸಾಧಕವಾಗಿ ಉದಾಹರಿಸುವುದು, ಮಿಸಿ ಎಂಬ ಶಬ್ದವನ್ನು ಕಂಡು ಮನಬಂದ ದ್ರವ್ಯವನ್ನು ಅರೆದು ಕೊಡುವುದಕ್ಕೆ ಸಮಾನವಾದ ತಪ್ಪು. ದೋಷಗಳ ವಿಷಯದಲ್ಲಿಯೂ ಹೀಗೆಯೇ. ಸೋಂಪಿನಲ್ಲಿ ಎಸ್ಟ್ರಗೋಲ್ ಎಂಬ ಶಂಕಾಸ್ಪದವಾದ ದ್ರವ್ಯವಿರುವುದರಿಂದ ಯೂರೋಪಿನ ಔಷಧನಿಯಂತ್ರಣ ಸಂಸ್ಥೆಯು ನಾಲ್ಕು ವರ್ಷಕ್ಕೆ ಕೆಳಗಿನ ಮಕ್ಕಳಿಗೆ ಅದರ ಔಷಧಪ್ರಯೋಗವನ್ನು ಅನುಮೋದಿಸುವುದಿಲ್ಲ. ಆ ದೋಷವನ್ನು ಹಾಗೆಯೇ ಸಬ್ಬಸಿಗೆಯ ಮೇಲೆ ಹೊರಿಸುವುದೂ ಸಲ್ಲದು.

ನಾಮಸಂಕರವು ಪ್ರಾಣಾಪಾಯಕ್ಕೂ ಕಾರಣವಾಗಬಲ್ಲದು. ಚಕ್ರಮೊಗ್ಗು ಕೊಡೆಹೂವಿನ ಕುಟುಂಬಕ್ಕೆ ಸೇರಿದುದಲ್ಲದಿದ್ದರೂ ಸೋಂಪಿನ ಪರಿಮಳವುಳ್ಳದ್ದರಿಂದ ಹಲವು ಭಾಷೆಗಳಲ್ಲಿ ಸೋಂಪಿನ ಹೆಸರನ್ನೇ ಹೊತ್ತಿದೆ. ಅದರ ಜಪಾನೀ ಬಂಧುವಾದ ಗಿಡವು ನೋಟಕ್ಕೆ ಅದೇ, ಗುಣದಲ್ಲಿ ವಿಷ. ಶಿಶುಗಳ ಹೊಟ್ಟೆನೋವಿಗೆಂದು ಈ ಕಷಾಯವನ್ನು ಕುಡಿಸಿ, ಕೂಸುಗಳಿಗೆ ಸೆಳೆತ ಮುಂತಾದ ವಿಕಾರಗಳು ಕಂಡುಬಂದ ಕಾರಣ ೨೦೦೩ರಲ್ಲಿ ಅಮೆರಿಕದ ಆಹಾರೌಷಧ ಇಲಾಖೆಯು ಸಾರ್ವಜನಿಕ ಎಚ್ಚರಿಕೆಯನ್ನು ಹೊರಡಿಸಬೇಕಾಯಿತು. ಕೊಡೆಹೂವಿನ ಕುಟುಂಬದಲ್ಲಿಯೂ ಸಾಕ್ರಟೀಸನ ಪ್ರಾಣವನ್ನು ತೆಗೆದ ಹೆಮ್‌ಲಾಕ್ ಎಂಬ ವಿಷದ ಗಿಡವಿದೆ. ಬೆಳೆದ ಸಬ್ಬಸಿಗೆಯನ್ನು ಕೊಳ್ಳುವವರಿಗೆ ಆ ಭಯವಿಲ್ಲ. ಕಾಡಿನಲ್ಲಿ ಎಲೆಯ ಹೋಲಿಕೆಯಿಂದ ಕಿತ್ತು ತರುವವರಿಗೆ ಶೀತದೇಶಗಳಲ್ಲಿ ಆ ಭಯವುಂಟು.

೭

ದ್ರವ್ಯಪರೀಕ್ಷೆಯು ಕಷ್ಟವಾದುದಲ್ಲ. ಸಬ್ಬಸಿಗೆಯ ಬೀಜವು ಚಪ್ಪಟೆ, ಕಂದುಬಣ್ಣದ್ದು, ಅಂಚಿನಲ್ಲಿ ತಿಳಿಬಣ್ಣದ ತೆಳುವಾದ ರೆಕ್ಕೆಯುಳ್ಳದ್ದು. ದೇಶೀಯ ಬೀಜದಲ್ಲಿ ಈ ರೆಕ್ಕೆಯು ಕಿರಿದು. ಬಡೇಸೋಂಪಿನ ಬೀಜವು ಉದ್ದವಾಗಿ ಉರುಟಾಗಿ ಹಸಿರುಹಳದಿ ಬಣ್ಣದಿಂದ ಕೂಡಿದ್ದು, ಎದ್ದುಕಾಣುವ ಏಣುಗಳುಳ್ಳದ್ದು. ಸಣ್ಣ ಸೋಂಪು ಬೂದುಹಸಿರು ಬಣ್ಣದ, ನವುರಾದ ರೋಮಗಳುಳ್ಳ ಕಿರಿಯ ಬೀಜ. ಸಂದೇಹ ಉಳಿದರೆ ಎರಡು ಕಾಳನ್ನು ಬೆರಳಲ್ಲಿ ತಿಕ್ಕಿ ಮೂಸಿದರೆ ಸಾಕು. ಶಾಜೀರಿಗೆಯ ಘಾಟು ಬಂದರೆ ಸಬ್ಬಸಿಗೆ, ಸಿಹಿಗಂಧ ಬಂದರೆ ಸೋಂಪು.

ದ್ರವ್ಯವು ನಿರ್ಣಯವಾದ ಮೇಲೆ ಮಾತ್ರೆಯ ವಿಚಾರ. ಅಡುಗೆಯಲ್ಲಿ ಬಳಸುವ ಸೊಪ್ಪು ಆಹಾರ; ಅದರಿಂದ ಸಾಮಾನ್ಯರಿಗೆ ಭಯವಿಲ್ಲ. ಬೀಜದ ಚೂರ್ಣಕಷಾಯಗಳು ಔಷಧ; ತೈಲವು ಔಷಧಸಾರ. ಇವು ಮೂರನ್ನೂ ಸಬ್ಬಸಿಗೆಯೆಂಬ ಒಂದೇ ಹೆಸರಿನಿಂದ ಕರೆಯುವುದು ಮತ್ತೊಂದು ಬಗೆಯ ನಾಮಸಂಕರ. ಜರ್ಮನಿಯಲ್ಲಿ ಮೂಲಿಕೆಗಳ ಪರಿಶೀಲನೆಗಾಗಿ ನೇಮಕವಾಗಿದ್ದ ಕಮಿಷನ್ ಇ ಎಂಬ ಸಮಿತಿಯು ಅಜೀರ್ಣಕ್ಕೆ ಸಬ್ಬಸಿಗೆಯ ಬೀಜವನ್ನು ದಿನಕ್ಕೆ ೩ ಗ್ರಾಮಿನಷ್ಟು, ತೈಲವನ್ನಾದರೆ ೦.೧ರಿಂದ ೦.೩ ಗ್ರಾಮಿನಷ್ಟು ಅಂಗೀಕರಿಸಿತು. ಸೊಪ್ಪಿಗೆ ಔಷಧತ್ವವನ್ನು ಅದು ಒಪ್ಪಲಿಲ್ಲ. ಬೀಜದಲ್ಲಿ ತೈಲಾಂಶವು ನೂರಕ್ಕೆ ಸುಮಾರು ೩ ಇರುವುದರಿಂದ, ಒಂದು ಗ್ರಾಮ್ ತೈಲವೆಂದರೆ ಮೂವತ್ತು ಗ್ರಾಮಿಗೂ ಮೀರಿದ ಬೀಜಕ್ಕೆ ಸಮವಾಯಿತು. ಬೀಜವನ್ನು ಹಿಡಿಯಷ್ಟು ಅಗಿಯಲಾರದ ಮನುಷ್ಯನು ತೈಲವನ್ನು ಒ೦ದು ಗುಟುಕಿನಲ್ಲಿ ಕುಡಿಯಬಲ್ಲನು. ಆದ್ದರಿಂದ ತೈಲಪ್ರಯೋಗವನ್ನು ವೈದ್ಯನ ಅನುಮತಿಯಿಲ್ಲದೆ ಮಾಡತಕ್ಕದ್ದಲ್ಲ.

ಗರ್ಭಿಣಿಯರ ವಿಷಯದಲ್ಲಿ ಕಾಶ್ಯಪಸಂಹಿತೆಯ ಋತುಪ್ರವರ್ತನೀ ಎಂಬ ಶಬ್ದವೇ ಎಚ್ಚರಿಕೆಯ ಗಂಟೆ. ಋತುವನ್ನು ಪ್ರವರ್ತಿಸತಕ್ಕದ್ದೆಂದು ಪ್ರಸಿದ್ಧವಾದ ದ್ರವ್ಯವನ್ನು ಗರ್ಭಿಣಿಗೆ ಔಷಧಮಾತ್ರೆಯಲ್ಲಿ ಕೊಡುವುದು ಆ ಗ್ರಂಥದ ದೃಷ್ಟಿಯಿಂದಲೇ ಅಯುಕ್ತ. ೨೦೦೬ರಲ್ಲಿ ಇರಾನಿನ ವಿಜ್ಞಾನಿಗಳು ಬೀಜದ ಸಾರವನ್ನು ಹೆಣ್ಣಿಲಿಗಳಿಗೆ ಕೊಟ್ಟು ನೋಡಿದಾಗ ಅವುಗಳ ಋತುಚಕ್ರದಲ್ಲಿ ವ್ಯತ್ಯಾಸವುಂಟಾದುದನ್ನು ಕಂಡರು. ಇಲಿಗಳ ಫಲವನ್ನು ಮನುಷ್ಯರಿಗೆ ನೇರವಾಗಿ ಅನ್ವಯಿಸಲಾಗದಿದ್ದರೂ ಕಾಶ್ಯಪನ ಮಾತನ್ನೂ ಡಯಾಸ್ಕೊರಿಡೀಸನ ಎಚ್ಚರಿಕೆಯನ್ನೂ ಇದರೊಡನೆ ಇಟ್ಟು ನೋಡಿದರೆ, ಗರ್ಭಾವಸ್ಥೆಯಲ್ಲಿ ಅಡುಗೆಯ ಮಿತಿಯನ್ನು ಮೀರದಿರುವುದೇ ಕ್ಷೇಮವೆಂಬುದು ಸಿದ್ಧವಾಗುತ್ತದೆ. ಹೆತ್ತ ಮೇಲೆ ಬಾಣಂತಿಗೆ ಕೊಡುವ ಸೊಪ್ಪು ಈ ನಿಷೇಧಕ್ಕೆ ಒಳಪಡದು. ಆದರೆ ಅದರಿಂದ ಹಾಲು ಹೆಚ್ಚುವುದೆಂಬ ಮಾತು ಬಹುದೇಶಸಮ್ಮತವಾದರೂ ಇನ್ನೂ ಪರೀಕ್ಷಾಸಿದ್ಧವಾಗಿಲ್ಲ. ಹಾಲು ಸಾಲದ ತಾಯಿಗೆ ಸೊಪ್ಪಿನ ಭರವಸೆಯನ್ನೇ ಇತ್ತು ಚಿಕಿತ್ಸೆಯನ್ನು ತಡಮಾಡಲಾಗದು.

ಹಸುಗೂಸಿನ ವಿಷಯವು ಎಲ್ಲಕ್ಕಿಂತ ಮುಖ್ಯವಾದದ್ದು. ಹುಟ್ಟಿದ ಮೊದಲ ಆರು ತಿಂಗಳು ತಾಯಿಯ ಹಾಲಲ್ಲದೆ ನೀರನ್ನೂ ಕೊಡಬಾರದೆಂದು ೨೦೦೧ರಿಂದ ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತ ಬಂದಿದೆ. ಆ ಅವಧಿಯಲ್ಲಿ ವೈದ್ಯನು ಹೇಳದೆ ಯಾವ ಕಷಾಯವನ್ನಾಗಲಿ ಅರ್ಕವನ್ನಾಗಲಿ ಕುಡಿಸುವುದಕ್ಕೆ ಅವಕಾಶವಿಲ್ಲ. ಎಡೆಬಿಡದೆ ಅಳುವ, ಹಾಲನ್ನು ಬಿಡುವ, ಹಸಿರು ವಾಂತಿಮಾಡುವ, ಜ್ವರವಿರುವ ಕೂಸಿಗೆ ಹೊಟ್ಟೆಯುಬ್ಬರವೆಂದು ಮನೆಮದ್ದು ಮಾಡುತ್ತ ಕಾಲ ಕಳೆದರೆ ಮದ್ದಿನ ದೋಷಕ್ಕಿಂತ ವಿಳಂಬದ ದೋಷವೇ ಹೆಚ್ಚಾದೀತು.

ಉಳಿದ ದೋಷಗಳು ಎರಡು. ಗಜ್ಜರಿ, ಕೊತ್ತಂಬರಿ, ಸೋಂಪು ಮುಂತಾದ ಕೊಡೆಹೂವಿನ ಕುಟುಂಬದ ಪದಾರ್ಥಗಳು ಒಗ್ಗದವರಲ್ಲಿ ಕೆಲವರಿಗೆ ಸಬ್ಬಸಿಗೆಯೂ ಒಗ್ಗದೆ ತುರಿಕೆ, ಬಾವು, ವಾಂತಿಗಳು ತೋರಬಹುದು. ಹಸಿಯ ಗಿಡದ ರಸವು ಚರ್ಮಕ್ಕೆ ತಾಗಿ ಅದರ ಮೇಲೆ ಬಿಸಿಲು ಬಿದ್ದರೆ ಕೆಲವರಿಗೆ ಬೊಕ್ಕೆಗಳೇಳುವುದುಂಟು. ಹೊಲದಲ್ಲಿ ಕೊಯ್ಲು ಮಾಡುವವರು ಇದನ್ನು ನೆನಪಿನಲ್ಲಿಡಬೇಕು.

೮

ಮೇಲಿನ ವಿಚಾರದಿಂದ ಕೆಲವು ಸಂಗತಿಗಳು ನಿಶ್ಚಿತವಾಗುತ್ತವೆ. ಶತಪುಷ್ಪೆಯೆಂದರೆ ಪ್ರಾಯಿಕವಾಗಿ ಸಬ್ಬಸಿಗೆ, ಮಿಶ್ರೇಯೆಯೆಂದರೆ ಬಡೇಸೋಂಪು; ಮಿಸಿ, ಮಧುರಾ, ಕಾರವೀ ಎಂಬ ಹೆಸರುಗಳು ಪ್ರಕರಣವನ್ನು ಅಪೇಕ್ಷಿಸುತ್ತವೆ. ಹೊಟ್ಟೆಯ ವಾಯುವಿಗೆ ಸಬ್ಬಸಿಗೆಯು ಹಿತವೆಂಬುದರಲ್ಲಿ ಚರಕನೂ ಗ್ರೀಕರೂ ಆಧುನಿಕರಲ್ಲಿ ಕೆಲವರೂ ಏಕಕಂಠರಾಗಿದ್ದಾರೆ. ಕಣ್ಣು, ಸಂತಾನಗಳ ವಿಷಯದಲ್ಲಿ ಪ್ರಾಚೀನರು ಪರಸ್ಪರ ವಿರುದ್ಧರು. ಒಂದು ದ್ರವ್ಯದ ಪರೀಕ್ಷೆಯನ್ನು ಇನ್ನೊಂದಕ್ಕೆ ಸಲ್ಲಿಸುವುದು ನಮ್ಮ ದೇಶದಲ್ಲಿಯೂ ಪರದೇಶಗಳಲ್ಲಿಯೂ ಹೆಸರಿನ ಸಾಮ್ಯದಿಂದ ನಡೆದುಬಂದ ಪ್ರಮಾದ.

ಅಮರಕೋಶಕ್ಕೆ ಕನ್ನಡದಲ್ಲಿ ಟೀಕೆಯನ್ನು ಬರೆದ ನಾಚಿರಾಜನಂಥ ವಿದ್ವಾಂಸರು ಸಂಸ್ಕೃತದ ಹೆಸರಿಗೆ ನಾಡಿನ ಹೆಸರನ್ನು ಜೋಡಿಸುವ ಕಾರ್ಯವನ್ನು ಮಾನ್ಯವಾದ ವಿದ್ಯೆಯೆಂದೇ ಭಾವಿಸಿದರು. ವನೌಷಧಿವರ್ಗವನ್ನು ಪಾಠ ಹೇಳುವ ಉಪಾಧ್ಯಾಯರು ಪರ್ಯಾಯಗಳನ್ನು ಕಂಠಪಾಠಮಾಡಿಸುವುದರೊಡನೆ ಸಬ್ಬಸಿಗೆಯ ನಾಲ್ಕು ಕಾಳನ್ನೂ ಸೋಂಪಿನ ನಾಲ್ಕು ಕಾಳನ್ನೂ ವಿದ್ಯಾರ್ಥಿಗಳ ಅಂಗೈಯಲ್ಲಿ ಇಟ್ಟು ತೋರಿಸಿದರೆ, ಚರಕನು ಗೊಲ್ಲರಲ್ಲಿ ಕಂಡ ನಾಮರೂಪಜ್ಞಾನವು ಓದಿದವರಿಗೂ ಉಂಟಾದೀತು. ವೈದ್ಯಗ್ರಂಥಗಳನ್ನು ಕನ್ನಡಿಸುವವರು ಸಂದಿಗ್ಧವಾದ ಹೆಸರು ಬಂದಲ್ಲಿ ಮೂಲಶಬ್ದವನ್ನು ಹಾಗೆಯೇ ಉಳಿಸಿ, ಅದಕ್ಕೆ ಎಷ್ಟು ಅರ್ಥಗಳಿವೆಯೆಂಬುದನ್ನು ಕೆಳಗೆ ಬರೆಯತಕ್ಕದ್ದು. ಆ ಪುಟವನ್ನು ನೋಡಿ ಮದ್ದು ಅರೆಯುವ ತಾಯಿಗೆ ಅಷ್ಟು ಉಪಕಾರವನ್ನು ಮಾಡುವ ಹೊಣೆಯು ಪಂಡಿತರದು.